ಹಲ್ಲು ಕಿತ್ತ ಮೇಲೆ ಗುಳಿಯಲ್ಲಿ ಹೆಪ್ಪು ಕೂರಲಿ

ಪ್ರಶ್ನೆ: ನನಗೆ 38 ವರ್ಷ. ತಿಪಟೂರಿನ ಹತ್ತಿರ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕಳೆದ ವರ್ಷ ಎಡಗಡೆ ಕೆಳಗಿನ ಬುದ್ಧಿ ಹಲ್ಲು ಕೀಳಿಸಿದೆ. ಕೀಳುವಾಗ ಏನೂ ಗೊತ್ತಾಗಲಿಲ್ಲ. ಎರಡು ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನ ಸಂಜೆಯಿಂದ ಕಿವಿಯವರೆಗೂ ಸಿಡಿಯುವ ನೋವು. ಮಾತ್ರೆಗೂ ಬಗ್ಗಲಿಲ್ಲ. ಹತ್ತು ದಿನ ನರಳಿದೆ. ಅತ್ತೆ ಹೇಳಿದಂತೆ ಕಿತ್ತ ದಿನವೇ ಬಿಸಿ ಉಪ್ಪುನೀರಿನಲ್ಲಿ ಗಂಟೆಗೊಮ್ಮೆ ಮುಕ್ಕಳಿಸಿದ್ದೆ. ಲವಂಗ ಒತ್ತಿಟ್ಟಿದ್ದೆ. ಗುಳಿಯಲ್ಲಿ ಬಿಳಿ ಕೀವು ಕಂಡಿತು, ಅದನ್ನೂ ಹತ್ತಿಯಿಂದ ಒರೆಸಿ ತೆಗೆದಿದ್ದೆ. ಇಷ್ಟೆಲ್ಲ ಮಾಡಿದರೂ ಹೀಗಾಯಿತು. ಈಗ ಮುಂದಿನ ಶುಕ್ರವಾರ ಬಲಗಡೆಯದು ಕೀಳಬೇಕಂತೆ. ನೆನೆಸಿಕೊಂಡರೇ ಕೈಕಾಲು ನಡುಗುತ್ತೆ. ಈ ಸಲ ಏನು ಮಾಡಲಿ, ಏನು ತಿನ್ನಲಿ? ಸೋಮವಾರ ಶಾಲೆಗೆ ಹೋಗಬಹುದಾ?

ಉತ್ತರ: ‘ಇಷ್ಟೆಲ್ಲ ಮಾಡಿದರೂ’ ಅಂತ ಬರೆದಿದ್ದೀರಿ. ನನಗೆ ಓದುವಾಗ ಅನ್ನಿಸಿದ್ದು, ಇಷ್ಟೆಲ್ಲ ಮಾಡಿದ್ದರಿಂದಲೇ ಇರಬಹುದು ಅಂತ. ಬಾಯಿ ನೋಡದೆ ಖಂಡಿತವಾಗಿ ಹೇಳಲಾರೆ. ಆದರೆ ಎರಡು ದಿನ ಆರಾಮ, ಮೂರನೇ ದಿನ ನೋವು ತಿರುಗಿ ಬರುವುದು, ಅದು ಕಿವಿಗೆ ಎಳೆಯುವುದು, ಮಾತ್ರೆಗೆ ಜಗ್ಗದಿರುವುದು, ಇದು ನಮಗೆ ಚೆನ್ನಾಗಿ ಗೊತ್ತಿರುವ ಕಥೆ. ಇದಕ್ಕೆ ನಾವು ಡ್ರೈ ಸಾಕೆಟ್ ಅನ್ನುತ್ತೇವೆ. ಒಣಗಿದ ಗುಳಿ ಅಂದುಕೊಳ್ಳಿ. ಕೆಳಗಿನ ದವಡೆಗೂ ಕಿವಿಯ ಮುಂದಿನ ಭಾಗಕ್ಕೂ ಒಂದೇ ನರದ ಕವಲುಗಳು ಹೋಗುತ್ತವೆ. ಅದಕ್ಕೇ ಹಲ್ಲಿನ ಗುಳಿಯ ನೋವು ಕಿವಿಯಲ್ಲಿ ಕೂಗುತ್ತದೆ. ಎಷ್ಟೋ ಜನ ಮೊದಲು ಕಿವಿ ಡಾಕ್ಟರ ಹತ್ತಿರ ಹೋಗಿ ಆಮೇಲೆ ನಮ್ಮಲ್ಲಿಗೆ ಬರುತ್ತಾರೆ.

ರಾತ್ರಿ ಹಾಲಿಗೆ ಹೆಪ್ಪು ಹಾಕಿ ಇಡುತ್ತೀರಲ್ಲ, ಆ ಪಾತ್ರೆಯನ್ನು ಯಾರಾದರೂ ಅರ್ಧ ಗಂಟೆಗೊಮ್ಮೆ ಅಲ್ಲಾಡಿಸಿದರೆ, ಮುಚ್ಚಳ ತೆಗೆದು ಬೆರಳು ಹಾಕಿ ನೋಡಿದರೆ, ಬೆಳಿಗ್ಗೆ ಮೊಸರು ಸಿಗುತ್ತಾ? ಹಲ್ಲು ಕಿತ್ತ ಗುಳಿಯಲ್ಲೂ ಇದೇ ನಡೆಯುತ್ತದೆ. ಮೊದಲು ಗುಳಿ ತುಂಬ ರಕ್ತ ಬರುತ್ತದೆ. ಅದು ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಅಡಿಯಲ್ಲಿರುವ ಮೂಳೆಗೂ ನರದ ತುದಿಗಳಿಗೂ ಆ ಹೆಪ್ಪೇ ಹೊದಿಕೆ. ಒಂದು ವಾರದಲ್ಲಿ ಹೆಪ್ಪಿನ ಜಾಗದಲ್ಲಿ ಹೊಸ ಮೆತ್ತನೆ ಮಾಂಸ ಬೆಳೆಯುತ್ತದೆ. ಮೂರು ನಾಲ್ಕು ವಾರಕ್ಕೆ ಮೇಲಿನ ಒಸಡು ಕೂಡಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಲು ಇನ್ನೂ ಮೂರರಿಂದ ಆರು ತಿಂಗಳು ಬೇಕು. ಇಷ್ಟಕ್ಕೆಲ್ಲ ಬುನಾದಿ ಮೊದಲ ದಿನದ ಆ ಹೆಪ್ಪು. ಅದು ಕಿತ್ತುಬಂದರೆ ಅಥವಾ ಕರಗಿಹೋದರೆ ಮೂಳೆ ಬತ್ತಲೆ. ಅದಕ್ಕೆ ಗಾಳಿ, ನೀರು, ಊಟದ ಚೂರು ತಾಕಿದಾಗಲೆಲ್ಲ ಪ್ರಾಣ ಹೋದಂತಾಗುತ್ತದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ತಪ್ಪೆಲ್ಲ ನಿಮ್ಮದೇ ಅಲ್ಲ. ಈ ಕಾಯಿಲೆಯ ಬಗ್ಗೆ ಕ್ರಾಫರ್ಡ್ ಎಂಬ ದಂತವೈದ್ಯರು 1896ರಲ್ಲೇ ಬರೆದರು. ಅಲ್ಲಿಂದ ಇಲ್ಲಿಯವರೆಗೆ ಕಾರಣ ಇದೊಂದೇ ಎಂದು ಯಾರೂ ಬೆರಳಿಟ್ಟು ತೋರಿಸಿಲ್ಲ. ಮಾಮೂಲಿ ಹಲ್ಲು ಕಿತ್ತಾಗ ನೂರರಲ್ಲಿ ಎರಡರಿಂದ ಐದು ಜನಕ್ಕೆ ಆಗುತ್ತದೆ. ಕೆಳಗಿನ ಬುದ್ಧಿ ಹಲ್ಲಿನಲ್ಲಿ ಇನ್ನೂ ಜಾಸ್ತಿ, ಅದರಲ್ಲೂ ಒಳಗೆ ಸಿಕ್ಕಿಕೊಂಡಿದ್ದನ್ನು ಮೂಳೆ ಕೊರೆದು ತೆಗೆದಾಗ. ಕೆಳದವಡೆಯ ಮೂಳೆ ಗಟ್ಟಿ, ರಕ್ತದ ಓಡಾಟ ಮೇಲಿನದಕ್ಕಿಂತ ಕಡಿಮೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೂ ಸ್ವಲ್ಪ ಹೆಚ್ಚು. ಒಂದು ಸಲ ಆದವರಿಗೆ ಮತ್ತೆ ಆಗುವ ಸಂಭವವೂ ಇದೆ. ಅದಕ್ಕೇ ಶುಕ್ರವಾರ ಕುರ್ಚಿಯಲ್ಲಿ ಕೂರುವ ಮೊದಲೇ ಡಾಕ್ಟರಿಗೆ ಹೇಳಿ, ಕಳೆದ ಸಲ ಹೀಗಾಗಿತ್ತು ಅಂತ. ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಹೇಳಿ. ಬಿಪಿ, ಶುಗರ್ ಇದ್ದರೆ ಅದನ್ನೂ. ಎಕೋಸ್ಪ್ರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಮನೆಯಲ್ಲಿ ಯಾರಾದರೂ ನುಂಗುತ್ತಿದ್ದು, ಅವರ ಹಲ್ಲು ಕೀಳಿಸುವ ಪ್ರಸಂಗ ಬಂದರೆ, ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹಲ್ಲಿನ ರಕ್ತವನ್ನು ನಾವು ನಿಲ್ಲಿಸಬಹುದು, ಹೃದಯದ ವಿಷಯ ಹಾಗಲ್ಲ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವ ವಯಸ್ಸಾದವರೂ ಮೊದಲೇ ಹೇಳಲೇಬೇಕು. ಕೆಲವು ಔಷಧಿಗಳಿಂದ ದವಡೆ ಮೂಳೆ ಮಾಯುವುದೇ ಕಷ್ಟವಾಗುತ್ತದೆ.

ಶುಕ್ರವಾರ ಆದಷ್ಟು ಬೆಳಗಿನ ಸಮಯ ಕೇಳಿ ತೆಗೆದುಕೊಳ್ಳಿ. ಸಂಜೆ ಏಳಕ್ಕೆ ಕೀಳಿಸಿಕೊಂಡು ಮನೆಗೆ ಹೋದರೆ ರಾತ್ರಿ ರಕ್ತ ಜಿನುಗಿದಾಗ ಯಾರ ಬಾಗಿಲು ತಟ್ಟುವುದು? ತಿಂಡಿ ಹೊಟ್ಟೆ ತುಂಬ ತಿಂದು ಹೋಗಿ. ಮರಗಟ್ಟಿಸಿ ಕೀಳುವುದಕ್ಕೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರೇ ತಲೆಸುತ್ತು ಬಂದು ನಮ್ಮನ್ನು ಗಾಬರಿಪಡಿಸುತ್ತಾರೆ. ಶನಿವಾರ ಬೆಳಗಿನ ಶಾಲೆಗೆ ರಜೆ ಹಾಕಿ.

ಇನ್ನು ಕಿತ್ತ ಮೇಲೆ. ಗುಳಿಯ ಮೇಲೆ ಗಾಜ್ ಬಟ್ಟೆ ಇಟ್ಟು ಕಚ್ಚಿಕೊಳ್ಳಿ ಅನ್ನುತ್ತಾರೆ. ಮುಕ್ಕಾಲು ಗಂಟೆ, ಬೇಕಾದರೆ ಒಂದು ಗಂಟೆ, ಬಿಗಿಯಾಗಿ ಕಚ್ಚಿ. ಬಸ್ಸಿನಲ್ಲಿ ಮಾತಾಡುತ್ತಾ ಬರಬೇಡಿ, ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ರಕ್ತ ನಿಲ್ಲಿಸುವುದು ಬಟ್ಟೆಯಲ್ಲ, ನಿಮ್ಮ ದವಡೆಯ ಒತ್ತಡ. ಆಮೇಲೆ ಅದನ್ನು ಮೆಲ್ಲಗೆ ತೆಗೆದುಹಾಕಿ. ಬಾಯಿಗೆ ಬಂದ ಎಂಜಲನ್ನು ನುಂಗಿ. ಉಗುಳಬೇಡಿ. ನಮ್ಮವರಿಗೆ ಇದೇ ತುಂಬ ಕಷ್ಟ. ಬಾಯಲ್ಲಿ ರಕ್ತದ ರುಚಿ ಬಂದರೆ ಕಾಲು ತಾನಾಗೇ ಬಚ್ಚಲಿಗೆ ಓಡುತ್ತದೆ. ಉಗುಳುವಾಗ ಕೆನ್ನೆ ಒಳಗೆಳೆದುಕೊಂಡು ಜೋರಾಗಿ ಎಳೆಯುತ್ತೇವಲ್ಲ, ಆ ಎಳೆತಕ್ಕೆ ಹೆಪ್ಪು ಎದ್ದು ಬರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಹೀರಿದರೂ ಅದೇ ಎಳೆತ. ತಿಪಟೂರಿನವರಿಗೆ ಎಳನೀರು ಬೇಡ ಅನ್ನಲು ನನಗೆ ಧೈರ್ಯವಿಲ್ಲ. ಧಾರಾಳವಾಗಿ ಕುಡಿಯಿರಿ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಈ ಉಗುಳದಿರುವುದು, ಹೀರದಿರುವುದು, ಮುಕ್ಕಳಿಸದಿರುವುದು, ಮೂರೂ ಪೂರ್ತಿ 24 ಗಂಟೆ. ಸ್ಟ್ರಾ ಮಾತ್ರ ಒಂದು ವಾರವೇ ಬೇಡ.

ಮೊದಲ ದಿನ ಎಂಜಲು ಕೆಂಪಗೆ, ಗುಲಾಬಿ ಬಣ್ಣಕ್ಕೆ ಇರುತ್ತದೆ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲಿಗೆ ಬಣ್ಣ ಕೊಡುತ್ತದೆ, ಕುಂಕುಮ ನೀರಿಗೆ ಬಿದ್ದ ಹಾಗೆ. ಅದಕ್ಕೆ ಗಾಬರಿ ಬೇಡ. ದಿಂಬಿನ ಮೇಲೆ ಹಳೇ ಟವೆಲ್ ಹಾಸಿಕೊಳ್ಳಿ. ಎರಡು ದಿಂಬು ಹಾಕಿ ತಲೆ ಎತ್ತರಕ್ಕಿಟ್ಟು ಮಲಗಿ. ತಲೆ ತಗ್ಗಿನಲ್ಲಿಟ್ಟು ಮಲಗಿದರೆ ತಲೆಗೆ ರಕ್ತದ ಒತ್ತಡ ಹೆಚ್ಚಿ ಗುಳಿ ಮಿಡಿಯುತ್ತದೆ. ಗಾಬರಿ ಆಗಬೇಕಾದ್ದು ಬಾಯಿ ತುಂಬಿ ತುಂಬಿ ಗಟ್ಟಿ ಕೆಂಪು ರಕ್ತ ಬಂದಾಗ. ಆಗಲೂ ಮೊದಲು ನೇರವಾಗಿ ಕೂತು, ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯನ್ನು ಮಡಚಿ ಗುಳಿಯ ಮೇಲೇ ಇಟ್ಟು ಅರ್ಧ ಗಂಟೆ ಕಚ್ಚಿ. ಮನೆಯಲ್ಲಿ ಟೀ ಬ್ಯಾಗ್ ಇದ್ದರೆ ತಣ್ಣೀರಿನಲ್ಲಿ ಅದ್ದಿ ಅದನ್ನೇ ಕಚ್ಚಬಹುದು. ಚಹಾದ ಒಗರಿಗೆ ರಕ್ತ ಬೇಗ ನಿಲ್ಲುತ್ತದೆ. ಅದಕ್ಕೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಅತ್ತೆಯವರ ವಿಷಯಕ್ಕೆ ಬರೋಣ. ಅವರ ಮಾತು ಸುಳ್ಳಲ್ಲ, ಹೊತ್ತು ತಪ್ಪಿತು ಅಷ್ಟೆ. ಉಪ್ಪುನೀರು ಬೇಕೇ ಬೇಕು, ಆದರೆ ಮಾರನೆಯ ದಿನದಿಂದ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಗಳಗಳ ಅನ್ನಿಸಬೇಡಿ. ಬಾಯಿಗೆ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಆಮೇಲೆ ಬಚ್ಚಲ ಮೇಲೆ ಬಗ್ಗಿ ಬಾಯಿ ತೆರೆದರೆ ತಾನೇ ಬೀಳುತ್ತದೆ. ಊಟ ತಿಂಡಿ ಆದ ಮೇಲೆ ಪ್ರತಿ ಸಲ, ಮಲಗುವ ಮುನ್ನ ಒಂದು ಸಲ. ಗಂಟೆಗೊಮ್ಮೆ ಬೇಕಿಲ್ಲ. ಇನ್ನು ಲವಂಗ. ಅದರಲ್ಲಿ ನೋವು ಮರಗಟ್ಟಿಸುವ ಯೂಜಿನಾಲ್ ಇರುವುದು ನಿಜ. ನಾವೂ ಅದನ್ನೇ ಬಳಸುತ್ತೇವೆ. ಹುಳುಕು ಹಲ್ಲಿಗೆ ಅದು ಸರಿ, ಹೊಸ ಗಾಯಕ್ಕಲ್ಲ. ಲವಂಗದ ಎಣ್ಣೆ ಹಾಗೇ ತಾಕಿದರೆ ಒಸಡು ಸುಟ್ಟು ಬೆಳ್ಳಗಾಗುತ್ತದೆ. ಲವಂಗವನ್ನೇ ಗುಳಿಗೆ ಒತ್ತಿದರೆ ಹೆಪ್ಪಿಗೆ ಮೊಳೆ ಹೊಡೆದಂತೆ. ಇದಕ್ಕಿಂತ ಕೆಟ್ಟದ್ದನ್ನೂ ನೋಡಿದ್ದೇನೆ. ರಕ್ತ ನಿಲ್ಲಲಿ ಎಂದು ಕಾಫಿಪುಡಿ ತುಂಬಿದವರು, ನೋವಿಗೆ ಹೊಗೆಸೊಪ್ಪು ಒತ್ತಿಕೊಂಡವರು, ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲಿಟ್ಟು ಸುಟ್ಟುಕೊಂಡವರು. ಮಾತ್ರೆ ಹೊಟ್ಟೆಗೆ ಹೋಗಲಿಕ್ಕೆ ಇರುವುದು.

ಬಿಳಿ ಕೀವು ಅಂದಿರಲ್ಲ, ಅದು ಬಹುಶಃ ಕೀವೇ ಅಲ್ಲ. ಮೊಣಕಾಲು ತರಚಿದರೆ ಮೇಲೆ ಕಂದು ಬಣ್ಣದ ಹಕ್ಕಳೆ ಕಟ್ಟುತ್ತದೆ. ಬಾಯಿ ಸದಾ ಒದ್ದೆ. ಅಲ್ಲಿ ಹಕ್ಕಳೆ ಒಣಗುವುದಿಲ್ಲ, ಮೆತ್ತಗೆ ಬಿಳಿಯಾಗಿ, ಹಳದಿಯಾಗಿ ಕೂರುತ್ತದೆ. ಎರಡನೇ ಮೂರನೇ ದಿನ ಇದು ಕಂಡರೆ ಗಾಯ ಮಾಯುತ್ತಿದೆ ಅಂತಲೇ ಲೆಕ್ಕ. ನೀವು ಹತ್ತಿಯಿಂದ ಒರೆಸಿ ತೆಗೆದದ್ದು ಅದನ್ನೇ ಇರಬೇಕು. ಪಾಪ, ಸ್ವಚ್ಛ ಮಾಡುವ ಉದ್ದೇಶದಿಂದಲೇ ಮಾಡಿದಿರಿ. ಕೀವಾದರೆ ಕೆಟ್ಟ ರುಚಿ ಬಾಯಿಗೆ ಜಿನುಗುತ್ತಾ ಇರುತ್ತದೆ, ಜೊತೆಗೆ ಊತ, ಜ್ವರ ಬರುತ್ತದೆ. ಈ ಸಲ ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದೇ ಬೇಡ. ನಾಲಿಗೆಯನ್ನೂ ಆ ಕಡೆ ಬಿಡಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ, ನನಗೂ ಗೊತ್ತು. ಹೊಸ ಸಂದು ಸಿಕ್ಕರೆ ನಾಲಿಗೆಗೆ ಅಲ್ಲೇ ಮನೆ.

ನೋವಿನ ಮಾತ್ರೆಯಲ್ಲಿ ಜನ ಮಾಡುವ ತಪ್ಪು, ನೋವು ಬಂದ ಮೇಲೆ ನುಂಗೋಣ ಎಂದು ಕಾಯುವುದು. ಇಂಜೆಕ್ಷನ್‌ನ ಮರಗಟ್ಟು ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಅದು ಬಿಡುವ ಮೊದಲೇ, ಹೊಟ್ಟೆಗೆ ಒಂದಿಷ್ಟು ಅಂಬಲಿಯೋ ಮಜ್ಜಿಗೆಯೋ ಹಾಕಿಕೊಂಡು, ಚೀಟಿಯಲ್ಲಿ ಬರೆದ ಮೊದಲ ಮಾತ್ರೆ ನುಂಗಿ. ಎದ್ದ ನೋವನ್ನು ಕೂರಿಸುವುದಕ್ಕಿಂತ ಏಳದಂತೆ ನೋಡಿಕೊಳ್ಳುವುದು ಸುಲಭ. ಸಾಮಾನ್ಯವಾಗಿ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಜೋಡಿ ಹಲ್ಲಿನ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಲೆಕ್ಕ ತಪ್ಪಬೇಡಿ. ಒಂದು ಕಾಂಬಿಫ್ಲಾಮ್‌ನಲ್ಲಿ 400 ಮಿ.ಗ್ರಾಂ ಐಬುಪ್ರೊಫೇನ್ ಜೊತೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಆಗಲೇ ಇದೆ. ಅದರ ಮೇಲೆ ಡೋಲೋ 650 ನುಂಗಿದರೆ ಅದೂ ಪ್ಯಾರಾಸಿಟಮಾಲೇ. ಹೆಸರು ಬೇರೆ, ಒಳಗಿನ ಸರಕು ಒಂದೇ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಬಸುರಿಯರು ಐಬುಪ್ರೊಫೇನ್ ಜಾತಿಯ ಮಾತ್ರೆಯನ್ನು ಕೇಳದೆ ಮುಟ್ಟಬಾರದು. ಡೆಂಗಿ ಓಡಾಡುವ ಮಳೆಗಾಲದಲ್ಲಿ ಜ್ವರ ಬಂದರೂ ಅದು ಬೇಡ. ಆಂಟಿಬಯೋಟಿಕ್ ಬರೆದುಕೊಟ್ಟಿದ್ದರೆ ಕೊಟ್ಟಷ್ಟು ದಿನ ನುಂಗಿ. ಬರೆದುಕೊಡದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಎಲ್ಲ ಹಲ್ಲಿಗೂ ಅದು ಬೇಕಿಲ್ಲ.

ಊತ ಬರುತ್ತದೆ, ಬುದ್ಧಿ ಹಲ್ಲಿಗೆ ಸಾಮಾನ್ಯವಾಗಿ ಬಂದೇ ಬರುತ್ತದೆ. ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಡೆ ಹದಿನೈದು ನಿಮಿಷ ಇಟ್ಟು, ಹದಿನೈದು ನಿಮಿಷ ಬಿಡಿ. ಇಷ್ಟು ಮಾಡಿದರೂ ಎರಡನೇ ಮೂರನೇ ದಿನಕ್ಕೆ ಊತ ಇನ್ನೂ ಏರುತ್ತದೆ. ಅದು ಅದರ ಕ್ರಮ. ಆಮೇಲೆ ಇಳಿಯಬೇಕು. ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಮೂರನೇ ದಿನದಿಂದ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಹೊರಗಡೆ ಶಾಖ ಕೊಡಿ, ದಿನಕ್ಕೆ ನಾಲ್ಕಾರು ಸಲ ಮೆಲ್ಲಗೆ ತೆರೆದು ಮುಚ್ಚಿ.

ಏನು ತಿನ್ನಲಿ ಅಂತ ಕೇಳಿದಿರಿ. ಮರಗಟ್ಟು ಬಿಡುವವರೆಗೆ ಅಗಿಯುವುದು ಏನೂ ಬೇಡ. ತುಟಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಶುಕ್ರವಾರ ತಣ್ಣಗಿನದು, ಮೆತ್ತಗಿನದು. ಆರಿದ ರಾಗಿ ಅಂಬಲಿ, ಮಜ್ಜಿಗೆ, ಬಾಳೆಹಣ್ಣು, ನುಣ್ಣಗೆ ಕಿವುಚಿದ ಮೊಸರನ್ನ. ಸಾಸಿವೆ ಒಗ್ಗರಣೆ ಬೇಡ, ಆ ಕಾಳು ಗುಳಿಯಲ್ಲೇ ಹೋಗಿ ಕೂರುತ್ತದೆ. ಐಸ್‌ಕ್ರೀಮ್ ಆಗಬಹುದು, ಕಪ್ಪಿನಲ್ಲಿ, ಗೋಡಂಬಿ ಚೂರಿಲ್ಲದ್ದು. ಆದರೆ ಅದೇ ಊಟ ಅಲ್ಲ. ಶನಿವಾರದಿಂದ ಸಾರಿನಲ್ಲಿ ನೆನೆಸಿದ ಇಡ್ಲಿ, ಮೆತ್ತಗೆ ಬೆಂದ ಪೊಂಗಲ್, ಬೇಯಿಸಿದ ಮೊಟ್ಟೆ. ನಿಮ್ಮ ಕಡೆ ಇರುವವರಿಗೆ ಮುದ್ದೆಯಂಥ ವರ ಇನ್ನೊಂದಿಲ್ಲ. ಮುದ್ದೆ ಅಗಿಯುವುದಲ್ಲ, ನುಂಗುವುದು. ಹಲ್ಲು ಕಿತ್ತವರಿಗೇ ಮಾಡಿದಂತಿದೆ! ಆರಿಸಿಕೊಂಡು, ಖಾರ ಕಮ್ಮಿ ಇರುವ ಸಾರಿನಲ್ಲಿ, ಚಿಕ್ಕ ತುತ್ತು ನುಂಗಿ. ಚುರುಮುರಿ, ಕೋಡುಬಳೆ, ನಿಪ್ಪಟ್ಟು, ಕಡಲೆಬೀಜ, ಚಿತ್ರಾನ್ನ, ಕೊಬ್ಬರಿ ಚೂರು ಇವು ಒಂದೆರಡು ವಾರ ಕಣ್ಣಿಗೆ ಬೀಳದಿರಲಿ. ಕಾಫಿ? ಮೊದಲ ದಿನ ಬಿಸಿಯದು ಬೇಡ. ಶನಿವಾರದಿಂದ ಆರಿಸಿಕೊಂಡು ಕುಡಿಯಿರಿ. ಹಬೆಯಾಡುವ ಕಾಫಿಗೆ ಮೂರು ದಿನ ತಾಳ್ಮೆ ಬೇಕು. ಬದನೆಕಾಯಿ ತಿಂದರೆ ನಂಜಾಗುತ್ತೆ, ಮೊಸರು ತಿಂದರೆ ಶೀತ ಆಗುತ್ತೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ನಂಜಾಗುವುದು ಬಾಯಿ ಕೊಳೆಯಿಂದ. ಅದಕ್ಕೇ ಬೇರೆ ಹಲ್ಲುಗಳನ್ನು ಅವತ್ತು ರಾತ್ರಿಯಿಂದಲೇ ಮೆಲ್ಲಗೆ ಬ್ರಷ್ ಮಾಡಿ, ಗುಳಿಯ ಅಕ್ಕಪಕ್ಕ ಬಿಟ್ಟು. ತಲೆಗೆ ಸ್ನಾನ ಮಾಡಬಹುದು, ಸುಡುನೀರು ಬೇಡ. ಮನೆಯಲ್ಲಿ ಎಲೆಅಡಿಕೆ, ಬೀಡಿ, ಗುಟ್ಕಾ ಅಭ್ಯಾಸ ಇರುವವರಿಗೆ ಹಲ್ಲು ಕಿತ್ತರೆ ಕನಿಷ್ಠ ಮೂರು ದಿನ, ಸಾಧ್ಯವಾದರೆ ವಾರ, ಮುಟ್ಟಬಾರದು. ಇದನ್ನು ಕೇಳಿ ಹೂಂ ಅಂದು ಹೊರಗೆ ಹೋದ ಕೂಡಲೇ ಬೀಡಿ ಹಚ್ಚುವವರನ್ನು ಕಿಟಕಿಯಿಂದ ನೋಡಿದ್ದೇನೆ.

ಸೋಮವಾರ ಶಾಲೆಗೆ ಹೋಗಿ. ಪಾಠ ಮಾಡುವುದರಿಂದ ತೊಂದರೆ ಇಲ್ಲ. ಮಕ್ಕಳ ಮೇಲೆ ಕೂಗಾಡಬೇಡಿ, ಬರೆಯುವ ಕೆಲಸ ಜಾಸ್ತಿ ಕೊಡಿ. ಆಟದ ಪೀರಿಯಡ್‌ನಲ್ಲಿ ಸೀಟಿ ಊದುವುದನ್ನು ಒಂದು ವಾರ ಬೇರೆಯವರಿಗೆ ವಹಿಸಿ. ಭಾರ ಎತ್ತುವುದು, ತುಂಬಿದ ಕೊಡ ಹೊರುವುದು ಎರಡು ಮೂರು ದಿನ ಬೇಡ.

ಆದರೆ ಆ ಸೋಮವಾರವೇ ನಿಮ್ಮ ಮೂರನೇ ದಿನ. ಇದನ್ನು ಗಮನವಿಟ್ಟು ಓದಿ. ಸರಿಯಾಗಿ ಮಾಯುತ್ತಿರುವ ಗಾಯದಲ್ಲಿ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ. ನಿಧಾನವಾಗಿ ಇಳಿಯಬಹುದು, ಆದರೆ ಇಳಿಯುತ್ತದೆ. ಇಳಿದ ನೋವು ಮತ್ತೆ ಏರಿದರೆ, ಬಾಯಿಂದ ಕೆಟ್ಟ ವಾಸನೆ ಬಂದರೆ, ಕಿವಿಗೆ ಎಳೆದರೆ, ಅವತ್ತೇ ಡಾಕ್ಟರ ಬಳಿ ಹೋಗಿ. ನಿಮ್ಮ ಪತ್ರದಲ್ಲಿ ನನಗೆ ಬೇಸರವಾದದ್ದು ಉಪ್ಪುನೀರಿನ ಸಂಗತಿಯಲ್ಲ, ಕಳೆದ ಸಲ ಹತ್ತು ದಿನ ಮನೆಯಲ್ಲೇ ನರಳಿದ್ದು. ಡ್ರೈ ಸಾಕೆಟ್‌ಗೆ ಚಿಕಿತ್ಸೆ ಸುಲಭ. ಗುಳಿಯನ್ನು ಸಲೈನಿನಿಂದ ತೊಳೆದು ಔಷಧಿ ಹಚ್ಚಿದ ಪಟ್ಟಿ ಇಡುತ್ತೇವೆ. ಅದರಲ್ಲಿ ಹೆಚ್ಚಾಗಿ ಇರುವುದು ಅದೇ ಲವಂಗದ ಯೂಜಿನಾಲ್, ಹದ ನೋಡಿ ಬೆರೆಸಿದ್ದು. ಅತ್ತೆಯವರಿಗೆ ಹೇಳಿ, ಖುಷಿಪಡುತ್ತಾರೆ. ಎಷ್ಟೋ ಜನರಿಗೆ ಕುರ್ಚಿಯಿಂದ ಏಳುವ ಮೊದಲೇ ನೋವು ಅರ್ಧ ಇಳಿದಿರುತ್ತದೆ. ಒಂದೆರಡು ಸಲ ಪಟ್ಟಿ ಬದಲಿಸಬೇಕಾಗಬಹುದು.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಊತ ದವಡೆಯ ಕೆಳಗೆ, ಕುತ್ತಿಗೆಗೆ ಇಳಿದರೆ, ಎಂಜಲು ನುಂಗಲೂ ಆಗದಿದ್ದರೆ, ಉಸಿರು ಕಟ್ಟಿದಂತಾದರೆ, ಕ್ಲಿನಿಕ್ ಬಾಗಿಲು ತೆಗೆಯಲಿ ಎಂದು ಕಾಯದೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ನಡುರಾತ್ರಿಯಾದರೂ ಸರಿ. ತುಟಿ, ಗಲ್ಲದ ಮರಗಟ್ಟು ಮಾರನೆಯ ದಿನಕ್ಕೂ ಬಿಡದಿದ್ದರೆ ಡಾಕ್ಟರಿಗೆ ತಿಳಿಸಿ.

ಹೊಲಿಗೆ ಹಾಕಿದ್ದರೆ ಯಾವ ದಾರ ಎಂದು ಕೇಳಿ ಬನ್ನಿ. ರೇಷ್ಮೆ ದಾರವಾದರೆ ವಾರಕ್ಕೆ ಬಿಚ್ಚಿಸಬೇಕು, ಕರಗುವ ದಾರವಾದರೆ ಹೋಗಬೇಕಿಲ್ಲ. ಗುಳಿ ಪೂರ್ತಿ ಮುಚ್ಚುವವರೆಗೆ, ಅಂದರೆ ಇನ್ನೂ ಒಂದು ತಿಂಗಳು, ಅನ್ನದ ಅಗುಳು ಹೋಗಿ ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ಕಡ್ಡಿ, ಸೇಫ್ಟಿ ಪಿನ್ ಹಾಕಿ ಕೆದಕಬೇಡಿ. ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಮೆಲ್ಲಗೆ ಚಿಮ್ಮಿಸಿ ತೊಳೆಯಬಹುದು, ಅದೂ ಒಂದು ವಾರ ಕಳೆದ ಮೇಲೆ, ನಿಮ್ಮ ಡಾಕ್ಟರು ಸರಿ ಅಂದ ಮೇಲೆ. ಬುದ್ಧಿ ಹಲ್ಲಾದ್ದರಿಂದ ಆ ಜಾಗಕ್ಕೆ ಬೇರೆ ಹಲ್ಲು ಕಟ್ಟಿಸುವ ಖರ್ಚು ನಿಮಗಿಲ್ಲ.